ಪ್ರಾಗ್‌ಗೆ ಬರ್ತೀರಾ? ನೋಡೋದಕ್ಕೆ ಹೊತ್ತು ನೋಡಿ, ಕೊಳ್ಳೋದಕ್ಕೆ ಜಾಗ ನೋಡಿ

ಬೇಸಿಗೆ ರಜೆ ಶುರುವಾಯಿತು ಅಂದರೆ ಝೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿರುವ ನಮ್ಮ ಮನೆ ಛತ್ರವಾಗುತ್ತದೆ. ಪ್ಯಾರಿಸ್ ಮುಗಿಸಿ, ಸ್ವಿಟ್ಜರ್ಲೆಂಡ್ ಮುಗಿಸಿ, ಉಳಿದ ಎರಡೂವರೆ ದಿನ ಕೈಯಲ್ಲಿಟ್ಟುಕೊಂಡು ನೆಂಟರು ಬರುತ್ತಾರೆ, ನೆಂಟರ ಸ್ನೇಹಿತರು ಬರುತ್ತಾರೆ, ಒಂದು ಸಲವಂತೂ ನಮ್ಮ ಚಿಕ್ಕಮ್ಮನ ಭಜನೆ ಮಂಡಳಿಯವರ ಮಗಳು ಅಳಿಯ ಬಂದಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ. ಅದು ನೋಡೋದಾ, ಇದು ನೋಡೋದಾ? ಗಾಜು ಇಲ್ಲಿ ತಗೊಳ್ಳೋದಾ, ಅಲ್ಲಿ ತಗೊಳ್ಳೋದಾ? ಏಳು ವರ್ಷದಿಂದ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಒಂದು ಸಲ ಬರೆದಿಟ್ಟರೆ ಮುಂದೆ ಬರುವವರಿಗೂ ಆಯಿತು, ನನ್ನ ಗಂಟಲಿಗೂ ಒಳ್ಳೆಯದು.

ಮೊದಲೇ ಹೇಳಿಬಿಡುತ್ತೇನೆ. ಈ ಊರಿನಲ್ಲಿ ನೋಡುವ ಜಾಗಗಳ ವಿಷಯಕ್ಕೆ ಬಂದರೆ ಎಲ್ಲಿಗೆ ಹೋಗುತ್ತೀರಿ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನೋದೇ ಮುಖ್ಯ. ಹೆಸರುವಾಸಿ ಜಾಗಗಳನ್ನು ಬಿಟ್ಟು "ಲೋಕಲ್ ಪ್ರಾಗ್" ಹುಡುಕಿ ಹೋಗಿ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅವು ಹೆಸರುವಾಸಿ ಆಗಿರೋದು ಸುಮ್ನೆ ಅಲ್ಲ. ಕೊಳ್ಳುವ ವಿಷಯ ಮಾತ್ರ ಪೂರ್ತಿ ಉಲ್ಟಾ. ಅಲ್ಲಿ ಹೊತ್ತು ಲೆಕ್ಕಕ್ಕೇ ಇಲ್ಲ, ಜಾಗವೇ ಎಲ್ಲ.

ಚಾರ್ಲ್ಸ್ ಸೇತುವೆ: ಬೆಳಿಗ್ಗೆಯಾ, ಸಂಜೆಯಾ?

ಬೆಳಿಗ್ಗೆ. ಇದರಲ್ಲಿ ಎರಡು ಮಾತಿಲ್ಲ.

1357ರಲ್ಲಿ ರಾಜ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿಸಿದ ಸೇತುವೆ ಇದು. ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ, ಎರಡೂ ಕಡೆ ಸೇರಿ 30 ಮೂರ್ತಿಗಳು. ಮೂರ್ತಿಗಳಲ್ಲಿ ಹೆಚ್ಚಿನವು ಈಗ ನಕಲು, ಮಳೆ ಹೊಗೆಗೆ ಹಾಳಾಗುತ್ತವೆ ಅಂತ ಅಸಲಿಯನ್ನು ಒಳಗೆ ಎತ್ತಿಟ್ಟಿದ್ದಾರೆ. 1841ರವರೆಗೆ ಊರಿನಲ್ಲಿ ನದಿ ದಾಟಬೇಕಾದರೆ ಇದೊಂದೇ ಸೇತುವೆ ಇತ್ತು. ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದರೆ ಊರಿನವರೆಲ್ಲ ಈಗಲೂ ಇದೊಂದರ ಮೇಲೇ ದಾಟುತ್ತಿದ್ದಾರೇನೋ ಅನ್ನಿಸುತ್ತದೆ. ಜೂನ್‌ನಲ್ಲಿ ಐದಕ್ಕೇ ಸೂರ್ಯ ಹುಟ್ಟುತ್ತದೆ. ಐದೂವರೆಗೆ ಬಂದರೆ ಟ್ರೈಪಾಡ್ ಹೊತ್ತ ನಾಲ್ಕು ಜನ, ಮದುವೆ ಫೋಟೋ ತೆಗೆಸಿಕೊಳ್ಳುವ ಒಂದು ಜೋಡಿ, ನೀವು, ಅಷ್ಟೇ. ಏಳಲು ಆಗದವರು ಡಿಸೆಂಬರ್‌ನಲ್ಲಿ ಬನ್ನಿ, ಆಗ ಬೆಳಗಾಗುವುದೇ ಎಂಟಕ್ಕೆ.

ಇನ್ನೊಂದು ಮಾತು. ಚಾರ್ಲ್ಸ್ ಸೇತುವೆ ಮೇಲೆ ನಿಂತರೆ ಚಾರ್ಲ್ಸ್ ಸೇತುವೆ ಕಾಣಿಸಲ್ಲ! ಪೋಸ್ಟ್‌ಕಾರ್ಡಿನ ಹಾಗೆ ಸೇತುವೆ, ಅದರ ಹಿಂದೆ ಕೋಟೆ ಎರಡೂ ಒಟ್ಟಿಗೆ ಬೇಕಾದರೆ ಪಕ್ಕದ ಲೀಜನ್ ಸೇತುವೆಗೆ ಹೋಗಿ. ಅಲ್ಲಿ ಟ್ರಾಮ್ ಓಡುತ್ತದೆ, ಜನ ಕಮ್ಮಿ. ಸಂಜೆಯ ಹೊತ್ತನ್ನು ಇದಕ್ಕೆ ಇಟ್ಟುಕೊಳ್ಳಿ.

ಗಡಿಯಾರದ ಕೆಳಗೆ ನಿಲ್ಲೋದಾ, ಗೋಪುರ ಹತ್ತೋದಾ?

ಓಲ್ಡ್ ಟೌನ್ ಸ್ಕ್ವೇರ್‌ನ ಖಗೋಳ ಗಡಿಯಾರ 1410ರದ್ದು. ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಮೇಲಿನ ಕಿಟಕಿ ತೆರೆದು ಹನ್ನೆರಡು ಜನ ಏಸುವಿನ ಶಿಷ್ಯರು ಮೆರವಣಿಗೆ ಹೋಗುತ್ತಾರೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಹುಂಜ ಕೂಗುತ್ತದೆ, ಮುಗಿಯಿತು. ಇಪ್ಪತ್ತು ನಿಮಿಷ ಕತ್ತೆತ್ತಿ ಕಾದಿದ್ದು ಇಷ್ಟಕ್ಕಾ ಅಂತ ನಮ್ಮತ್ತೆ ಕೇಳಿದ್ದರು, ನನ್ನಲ್ಲಿ ಉತ್ತರ ಇರಲಿಲ್ಲ. ಎಲ್ಲರೂ ಮೇಲೆ ನೋಡುವ ಆ ಹೊತ್ತಿನಲ್ಲೇ ಜೇಬುಗಳ್ಳರಿಗೂ ಸುಗ್ಗಿ. ನನ್ನನ್ನು ಕೇಳಿದರೆ ಗಂಟೆ ಹೊಡೆಯುವಾಗ ಹೋಗಲೇಬೇಡಿ, ಅರ್ಧ ಗಂಟೆ ಬಿಟ್ಟು ಹೋಗಿ. ನೋಡಬೇಕಾದದ್ದು ಗೊಂಬೆಗಳನ್ನಲ್ಲ, ಆ ಡಯಲ್ಲನ್ನು. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಎಲ್ಲ ಅದರಲ್ಲಿದೆ. ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ನಮ್ಮ ಮಾವ ಅರ್ಧ ಗಂಟೆ ಅಲ್ಲೇ ನಿಂತು, ಮೇಷ ಇಲ್ಲಿ, ವೃಷಭ ಇಲ್ಲಿ ಅಂತ ಬೆರಳಿಟ್ಟು ಲೆಕ್ಕ ಹಾಕಿದರು.

ಎತ್ತರದಿಂದ ಊರು ನೋಡಬೇಕು ಅಂದರೆ ಆಯ್ಕೆ ಬೇಕಾದಷ್ಟಿದೆ. ಮಂಡಿನೋವಿನವರು ಜೊತೆಗಿದ್ದರೆ ಇದೇ ಗಡಿಯಾರದ ಗೋಪುರ ಸರಿ, ಒಳಗೆ ಲಿಫ್ಟ್ ಇದೆ. ಕೋಟೆಯೊಳಗಿನ ಸೇಂಟ್ ವೈಟಸ್ ಕೆಥೆಡ್ರಲ್‌ನ ಗೋಪುರಕ್ಕೆ 287 ಮೆಟ್ಟಿಲು, ಅದೂ ಗಿರಗಿರ ಸುತ್ತುವ ಕಿರಿದಾದ ಮೆಟ್ಟಿಲು, ಹತ್ತುವವರಿಗೂ ಇಳಿಯುವವರಿಗೂ ದಾರಿ ಒಂದೇ. 1891ರಲ್ಲಿ ಐಫೆಲ್ ಗೋಪುರ ನೋಡಿ ಕಟ್ಟಿದ ಪೆತ್ರ್ಜೀನ್ ಗೋಪುರ 63.5 ಮೀಟರ್, ಸುಮಾರು 300 ಮೆಟ್ಟಿಲು. ಪ್ಯಾರಿಸ್‌ನಲ್ಲಿ ಅಸಲಿ ಹತ್ತಿ ಬಂದವರು ಇದನ್ನು ಬಿಟ್ಟರೂ ನಷ್ಟವಿಲ್ಲ, ಆದರೆ ಅದಿರುವ ಗುಡ್ಡದ ತೋಟಗಳು ಚೆನ್ನಾಗಿವೆ. ದುಡ್ಡೇ ಬೇಡ ಅನ್ನುವವರಿಗೆ ಲೆತ್ನಾ ಪಾರ್ಕ್. ಒಂದು ಕಾಲದಲ್ಲಿ ಸ್ಟಾಲಿನ್‌ನ ದೈತ್ಯ ಪ್ರತಿಮೆ ಇದ್ದ, 1962ರಲ್ಲಿ ಅದನ್ನು ಸಿಡಿಸಿ ತೆಗೆದ ಜಾಗ ಅದು. ಈಗ ಅಲ್ಲಿ ಒಂದು ದೊಡ್ಡ ಮೆಟ್ರೊನೋಮ್ (ಸಂಗೀತಕ್ಕೆ ತಾಳ ಹಾಕುವ ಯಂತ್ರ) ಇದೆ, ಅದರ ಕೆಳಗೆ ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಾರೆ. ಅಲ್ಲಿಂದ ನದಿಯ ಸೇತುವೆಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಕಾಣುತ್ತವೆ. ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಮಾತ್ರ ಲೆತ್ನಾ ಅಲ್ಲ, ರೀಗ್ರೊವಿ ಸಾದಿ ಅನ್ನುವ ಪಾರ್ಕಿನ ಇಳಿಜಾರು. ಕೋಟೆಯ ಹಿಂದೆ ಸೂರ್ಯ ಇಳಿಯುತ್ತದೆ, ಹುಲ್ಲಿನ ಮೇಲೆ ಊರಿನ ಹುಡುಗ ಹುಡುಗಿಯರೆಲ್ಲ ಬಿಯರ್ ಹಿಡಿದು ಕೂತಿರುತ್ತಾರೆ. ನಾವು ಚುರುಮುರಿ ಕಲಸಿಕೊಂಡು ಹೋಗುತ್ತೇವೆ.

ಕೋಟೆಗೆ ಟಿಕೆಟ್ ಬೇಕಾ?

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ: ಪ್ರಾಗ್ ಕೋಟೆಯ ಆವರಣಕ್ಕೆ ಟಿಕೆಟ್ ಇಲ್ಲ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಯಾರು ಬೇಕಾದರೂ ಅಂಗಳಗಳಲ್ಲಿ ಓಡಾಡಬಹುದು, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ ಅಷ್ಟೇ. ಟಿಕೆಟ್ ಬೇಕಾಗುವುದು ಒಳಗಿನ ಕಟ್ಟಡಗಳಿಗೆ.

ಹಾಗಾದರೆ ಟಿಕೆಟ್ ಬಿಡೋದಾ? ಅರ್ಧ ದಿನ ಇದ್ದರೆ ಬಿಡಬೇಡಿ. ಅದು ಎರಡು ದಿನ ನಡೆಯುತ್ತದೆ, ಇವತ್ತು ಎರಡು ಕಟ್ಟಡ ನಾಳೆ ಎರಡು ನೋಡಬಹುದು. ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಬೆಂಗಳೂರಿನ ಫ್ಲೈಓವರ್ ಬೈಯುವಾಗ ಇದನ್ನು ನೆನಪಿಟ್ಟುಕೊಳ್ಳಿ. ಅದರೊಳಗೆ ಬಾಗಿಲ ಹತ್ತಿರದ ಸ್ವಲ್ಪ ಭಾಗವನ್ನು ಟಿಕೆಟ್ ಇಲ್ಲದೆಯೂ ನೋಡಬಹುದು, ಆದರೆ ಪೂರ್ತಿ ಒಳಗೆ ನಡೆದು ಬಣ್ಣದ ಗಾಜಿನ ಬೆಳಕಲ್ಲಿ ನಿಲ್ಲುವುದೇ ಬೇರೆ. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಪ್ರವಾಸಿಗರನ್ನು ಮಧ್ಯಾಹ್ನದ ಮೇಲೇ ಬಿಡುತ್ತಾರೆ. ಹೆಚ್ಚಿನವರು ಬೇಗ ಬೇಗ ದಾಟಿ ಹೋಗುವ ಹಳೇ ಅರಮನೆಯನ್ನು ನಾನು ಮಾತ್ರ ಬಿಡುವುದಿಲ್ಲ. ಅಲ್ಲಿನ ದೊಡ್ಡ ಸಭಾಂಗಣದಲ್ಲಿ ಕುದುರೆ ಮೇಲೆ ಕೂತು ಈಟಿ ಕಾಳಗ ಆಡುತ್ತಿದ್ದರು, ಕುದುರೆಗಳು ಹತ್ತಿ ಬರಲು ಅಂತಲೇ ಅಗಲವಾದ ಮೆಟ್ಟಿಲ ದಾರಿ ಇದೆ. 1618ರಲ್ಲಿ ರಾಜನ ಕಡೆಯ ಅಧಿಕಾರಿಗಳನ್ನು ಕಿಟಕಿಯಿಂದ ಎತ್ತಿ ಬಿಸಾಡಿ ಮೂವತ್ತು ವರ್ಷದ ಯುದ್ಧಕ್ಕೆ ನಾಂದಿ ಹಾಡಿದ ಕೋಣೆಯೂ ಅಲ್ಲೇ. ಬಿದ್ದವರು ಸಾಯಲಿಲ್ಲ ಅನ್ನೋದು ಇನ್ನೂ ತಮಾಷೆ.

ಬರೀ ಒಂದು ಗಂಟೆ ಇದೆಯಾ? ಸಂಜೆ ಐದರ ಮೇಲೆ ಹೋಗಿ. ಕಟ್ಟಡಗಳು ಮುಚ್ಚಿರುತ್ತವೆ, ಜನ ಇಳಿದಿರುತ್ತಾರೆ, ಹಗಲಲ್ಲಿ ದುಡ್ಡು ಕೊಟ್ಟು ಹೋಗುವ ಗೋಲ್ಡನ್ ಲೇನ್ ಅನ್ನುವ ಪುಟ್ಟ ಮನೆಗಳ ಓಣಿಯಲ್ಲಿ ಪುಕ್ಕಟೆ ನಡೆಯಬಹುದು. ಮನೆಗಳ ಒಳಗೆ ಹೋಗಲಾಗದು, ಆದರೆ 22ನೇ ನಂಬರಿನ ಪುಟ್ಟ ನೀಲಿ ಮನೆಯ ಮುಂದೆ ನೂಕುನುಗ್ಗಲಿಲ್ಲದೆ ನಿಲ್ಲಬಹುದು. 1916-17ರಲ್ಲಿ ಲೇಖಕ ಕಾಫ್ಕಾ ಅಲ್ಲಿ ಕೂತು ಬರೆಯುತ್ತಿದ್ದ.

ದಾರಿಯೂ ಮುಖ್ಯ. ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತಬೇಡಿ. 22ನೇ ನಂಬರ್ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ಸ್ಟಾಪಿನಲ್ಲಿ ಇಳಿಯಿರಿ, ಅಲ್ಲಿಂದ ಕೋಟೆಗೂ ಇಳಿಜಾರು, ಕೋಟೆಯಿಂದ ನದಿಗೂ ಇಳಿಜಾರು. ಆ ಟ್ರಾಮಿನಲ್ಲಿ ಪರ್ಸ್ ಹುಷಾರು. ಪೇಪರ್ ಟಿಕೆಟ್ ಕೊಂಡರೆ ಹಳದಿ ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಲೇಬೇಕು. ಕೊಂಡ ಟಿಕೆಟ್ ಜೇಬಲ್ಲಿದೆ ಅಂದರೆ ಇನ್‌ಸ್ಪೆಕ್ಟರ್ ಕೇಳುವುದಿಲ್ಲ, ದಂಡ ಹಾಕಿಯೇ ಹಾಕುತ್ತಾರೆ.

ಎರಡನೇ ಸಲ ಬರುವವರಿಗೆ, ಅಥವಾ ಜನ ನೋಡಿ ತಲೆಕೆಟ್ಟವರಿಗೆ, ಕೋಟೆಯ ಬದಲು ವಿಶೆಹ್ರಾದ್. ನದಿಯ ಮೇಲಿನ ಬಂಡೆ, ಹಳೇ ಕೋಟೆ ಗೋಡೆ, ಒಳಗೆ ಓಡಾಡಲು ಟಿಕೆಟ್ ಇಲ್ಲ, ಸ್ಮಶಾನದಲ್ಲಿ ಸಂಗೀತಗಾರರಾದ ದ್ವೊರ್ಝಾಕ್, ಸ್ಮೆತಾನಾ, ಚಿತ್ರಕಾರ ಮುಖಾ ಮಲಗಿದ್ದಾರೆ. ಮೊದಲ ಸಲ ಬರುವವರಿಗೆ ಇದು ಕೋಟೆಗೆ ಸಾಟಿ ಅಂತ ಸುಳ್ಳು ಹೇಳಲಾರೆ.

ಯಹೂದಿ ಕೇರಿಗೆ ಟಿಕೆಟ್ ದುಬಾರಿ, ಬಿಡೋಣ ಅನ್ನುವವರಿದ್ದಾರೆ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಪಿಂಕಸ್ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗಳ ತುಂಬ ನಾಜಿಗಳು ಕೊಂದ ಸುಮಾರು 78 ಸಾವಿರ ಜನರ ಹೆಸರು ಕೈಯಲ್ಲಿ ಬರೆದಿದ್ದಾರೆ, ಊರು, ಹೆಸರು, ಹುಟ್ಟಿದ ದಿನ. ಮಹಡಿಯ ಮೇಲೆ ತೆರೆಜೀನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ನಮ್ಮಪ್ಪ ಮೇಷ್ಟ್ರಾಗಿದ್ದವರು. ಒಂದು ಗೋಡೆಯ ಮುಂದೆ ನಿಂತು ಹಾಜರಿ ಕೂಗುವ ಹಾಗೆ ಮೆಲ್ಲಗೆ ಹೆಸರು ಓದತೊಡಗಿದರು, ಎರಡು ಸಾಲು ಓದಿ ನಿಲ್ಲಿಸಿದರು. ಶನಿವಾರ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ದಿನ ಇಟ್ಟುಕೊಳ್ಳಿ.

ಸಂಗೀತದ ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ. ಬೀದಿಯಲ್ಲಿ ಮೊಝಾರ್ಟ್ ವಿಗ್ ಹಾಕಿಕೊಂಡವರು ಕೊಡುವ ಕಚೇರಿ ಚೀಟಿ ತಗೊಳ್ಳಬೇಡಿ, ಅದೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಮ್ಮಿಗೆ, ರುಡಾಲ್ಫಿನಮ್ ಅನ್ನುವ ಸಂಗೀತ ಸಭಾಂಗಣದಲ್ಲಿ ಹಿಂದಿನ ಸಾಲಿನ ಸೀಟು ಸಿಗುತ್ತದೆ. 1787ರಲ್ಲಿ ಮೊಝಾರ್ಟ್ ತಾನೇ ನಿಂತು ಡಾನ್ ಜಿಯೋವಾನಿ ಒಪೆರಾದ ಮೊದಲ ಪ್ರದರ್ಶನ ಮಾಡಿಸಿದ ಎಸ್ಟೇಟ್ಸ್ ಥಿಯೇಟರ್ ಇನ್ನೂ ನಡೆಯುತ್ತಿದೆ, ಅದಕ್ಕೂ ಟಿಕೆಟ್ ನೋಡಿ.

ಈಗ ದುಡ್ಡು ಬಿಚ್ಚುವ ವಿಷಯ

ಮೊದಲು ದುಡ್ಡು ಬದಲಾಯಿಸೋದು. ಇಲ್ಲಿ ಯೂರೋ ಅಲ್ಲ, ಕೊರುನಾ. ಕೆಲವು ಅಂಗಡಿಯವರು ಯೂರೋ ತಗೊಳ್ಳುತ್ತಾರೆ, ಅವರ ಲೆಕ್ಕದಲ್ಲಿ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಅದೇ ಒಳ್ಳೆಯದು. ಮೆಷಿನ್ "ರೂಪಾಯಿಯಲ್ಲೋ ಕೊರುನಾದಲ್ಲೋ" ಅಂತ ಕೇಳಿದರೆ ಕೊರುನಾ ಒತ್ತಿ. ನಗದು ಬೇಕಾದರೆ ಪ್ರವಾಸಿ ಬೀದಿಗಳ ನೀಲಿ ಹಳದಿ ಎಟಿಎಂ ಬಿಟ್ಟು ನಿಜವಾದ ಬ್ಯಾಂಕಿನ ಎಟಿಎಂ ಹುಡುಕಿ. ನಮ್ಮ ಸೋದರಮಾವ ಕಮಿಷನ್ ಸೊನ್ನೆ ಅನ್ನುವ ಬೋರ್ಡ್ ನೋಡಿ ಒಂದು ಕೌಂಟರಿನಲ್ಲಿ 200 ಯೂರೋ ಕೊಟ್ಟರು. ಕಮಿಷನ್ ನಿಜಕ್ಕೂ ಸೊನ್ನೆಯೇ, ದರವೇ ಕತ್ತರಿ! ಮನೆಗೆ ಬಂದು ಹೇಳಿದಾಗ ಅದಾಗಿ ಎರಡು ಗಂಟೆ ಕಳೆದಿತ್ತು, ರಸೀದಿ ಹಿಡಿದುಕೊಂಡು ಓಡಿದೆವು. 2019ರಿಂದ ಒಂದು ಕಾನೂನಿದೆ, 1000 ಯೂರೋ ಒಳಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಮುಖ ಗಂಟಿಕ್ಕಿಕೊಂಡು ವಾಪಸ್ ಕೊಟ್ಟರು. ರಸೀದಿ ಬಿಸಾಡಬೇಡಿ, ಅಷ್ಟೇ.

ಗಾಜಿಗೆ ಬರೋಣ, ಎಲ್ಲರೂ ಅದಕ್ಕೇ ತಾನೇ ಬರೋದು. ಓಲ್ಡ್ ಟೌನ್ ಸ್ಕ್ವೇರ್ ಸುತ್ತ, ಸೇತುವೆಗೆ ಹೋಗುವ ದಾರಿಯಲ್ಲಿ ಬರೀ ಕ್ರಿಸ್ಟಲ್ ಅಂಗಡಿಗಳೇ. ಒಳ್ಳೆಯವೂ ಇವೆ, ಎಲ್ಲಿಂದಲೋ ತಂದು ಬೊಹೀಮಿಯಾ (ಈ ಪ್ರದೇಶದ ಹಳೇ ಹೆಸರು) ಹೆಸರಲ್ಲಿ ಮಾರುವವೂ ಇವೆ. ಮೊದಲ ವರ್ಷ ಅಂಥ ಒಂದು ಅಂಗಡಿಯಲ್ಲಿ ನಾನು ಆರು ಲೋಟ ಕೊಂಡೆ, "ಕೈಯಲ್ಲಿ ಕೊರೆದದ್ದು" ಅಂದರು. ಆಮೇಲೆ ನೋಡಿದರೆ ಆರರ ಗೆರೆಗಳೂ ಅಚ್ಚು ಹೊಡೆದ ಹಾಗೆ ಒಂದೇ ಥರ. ಬೆರಳಾಡಿಸಿ ನೋಡಿ. ಕೊರೆದ ಗಾಜಿನ ಅಂಚು ಚುರುಕಾಗಿರುತ್ತದೆ, ಅಚ್ಚಿನದ್ದು ಸೋಪಿನ ಹಾಗೆ ನುಣುಪು. ಜೀವನಕ್ಕೊಂದೇ ಸಲ ಒಂದು ಒಳ್ಳೆ ವಸ್ತು ಬೇಕು ಅನ್ನುವವರು 1857ರಿಂದ ಕಾರ್ಲೊವಿ ವಾರಿ ಅನ್ನುವ ಊರಲ್ಲಿರುವ ಮೋಸರ್ ಕಂಪನಿಯ ಇಲ್ಲಿನ ಅಂಗಡಿಗೆ ಹೋಗಿ. ಸೀಸ ಹಾಕದ ಗಾಜು, ಬೆಲೆ ಕೇಳಿದರೆ ಕೈ ನಡುಗುತ್ತದೆ, ಆದರೆ ಅಲ್ಲಿ ಮೋಸವಿಲ್ಲ. ಅಷ್ಟು ಬೇಡ, ಸೂಟ್‌ಕೇಸಿನಲ್ಲಿ ಒಡೆಯುವ ಭಯವೂ ಬೇಡ ಅಂದರೆ ಯಾಬ್ಲೊನೆಟ್ಸ್ ಕಡೆಯ ಗಾಜಿನ ಮಣಿ ತಗೊಳ್ಳಿ. ಒಂದು ಕಾಲದಲ್ಲಿ ಆ ಊರಿನಿಂದ ಭಾರತಕ್ಕೆ ಗಾಜಿನ ಬಳೆಯೂ ಹೋಗುತ್ತಿತ್ತು. ನಮ್ಮಜ್ಜಿಯ ಕೈಯಲ್ಲಿದ್ದದ್ದು ಅಲ್ಲಿಯದ್ದೇ ಇರಬಹುದಾ ಅಂತ ನನ್ನ ಹೆಂಡತಿಗೆ ಇವತ್ತಿಗೂ ಅನುಮಾನ. ನನ್ನ ಓಟು ಮಣಿಗೇ. ಹಗುರ, ಅಸಲಿ, ಹತ್ತು ಜನಕ್ಕೆ ಹಂಚಬಹುದು.

ಗಾರ್ನೆಟ್ ಅನ್ನುವ ಕೆಂಪು ಹರಳು ಕೊಳ್ಳುವವರಿಗೆ ಒಂದೇ ಮಾತು: ದೊಡ್ಡ ಕಲ್ಲು, ಕಮ್ಮಿ ಬೆಲೆ ಅಂದರೆ ಎದ್ದು ಬನ್ನಿ. ಇಲ್ಲಿನ ಗಾರ್ನೆಟ್ ಪೈರೋಪ್ ಅನ್ನುವ ಜಾತಿ, ದಾಳಿಂಬೆ ಬೀಜದ ಬಣ್ಣ, ಆದರೆ ಕಾಳು ಚಿಕ್ಕದು. ಅದಕ್ಕೇ ಅಸಲಿ ಒಡವೆಯಲ್ಲಿ ಸಣ್ಣ ಸಣ್ಣ ಕಲ್ಲು ಒತ್ತೊತ್ತಾಗಿ ಕೂರಿಸಿರುತ್ತಾರೆ, ನಮ್ಮ ಕೆಂಪಿನ ಓಲೆಯ ಹಾಗೆ. ಗ್ರಾನಾಟ್ ಟುರ್ನೋವ್ ಅನ್ನುವ ಸಹಕಾರ ಸಂಘದವರ ಅಂಗಡಿಯಲ್ಲಿ ಪ್ರಮಾಣಪತ್ರ ಸಮೇತ ಕೊಡುತ್ತಾರೆ. ಇಲ್ಲಿ ನಾನು ಬೇರೆ ಆಯ್ಕೆ ಕೊಡುವುದೇ ಇಲ್ಲ.

ಮಾರುಕಟ್ಟೆಗಳಲ್ಲಿ ಊರ ನಡುವಿನ ಹಾವೆಲ್ಸ್ಕಾ 13ನೇ ಶತಮಾನದಿಂದ ನಡೆಯುತ್ತಿದೆ. ಫೋಟೋಗೆ ಚೆನ್ನ, ಮ್ಯಾಗ್ನೆಟ್ಟಿಗೂ ಚೆನ್ನ. ಹಣ್ಣು ತಗೊಳ್ಳುವಾಗ ಬೋರ್ಡಿನ ಬೆಲೆ ಕಿಲೋಗೋ 100 ಗ್ರಾಮಿಗೋ ಅಂತ ಎರಡು ಸಲ ಓದಿ. ಶನಿವಾರ ಬೆಳಿಗ್ಗೆ ಇಲ್ಲಿದ್ದರೆ ಅದಕ್ಕಿಂತ ನದಿ ದಂಡೆಯ ನಾಪ್ಲಾವ್ಕಾ ಸಂತೆ ಮೇಲು, ರೈತರೇ ತಂದ ಜೇನು, ಚೀಸ್, ಜೂನ್‌ನಲ್ಲಿ ಚೆರ್ರಿ. ಹಳೇ ಸಾಮಾನಿನ ಹುಚ್ಚಿದ್ದರೆ ವಾರಾಂತ್ಯದಲ್ಲಿ ಮೆಟ್ರೋ ಬಿ ಲೈನಿನ ಕೊಲ್ಬೆನೊವಾ ಸ್ಟಾಪಿಗೆ ಹೋಗಿ, ನಮ್ಮ ಗುಜರಿ ಬಜಾರಿನ ಅಣ್ಣ ಅದು. ತುಕ್ಕು ಹಿಡಿದ ಬೀಗದಿಂದ ಹಿಡಿದು ಕಮ್ಯುನಿಸ್ಟ್ ಕಾಲದ ಕ್ಯಾಮೆರಾವರೆಗೆ. ಶಾಪಿಂಗ್ ಅಂದರೆ ಮಾಲ್ ಅನ್ನುವವರನ್ನು ಮಾತ್ರ ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ನಾನು ಒಂದು ಸಲ ಬೈಸಿಕೊಂಡಿದ್ದೇನೆ.

ಮಕ್ಕಳಿಗೆ ಏನು? ಅಂಗಡಿಗಳಲ್ಲಿ ಸಾಲಾಗಿ ನಿಲ್ಲಿಸಿರುವ ಮರದ ಗೊಂಬೆಯೊಳಗೆ ಗೊಂಬೆ, ಅದು ರಷ್ಯಾದ್ದು, ಇಲ್ಲಿಯದ್ದಲ್ಲ. ಇಲ್ಲಿಯದ್ದು ಅಂದರೆ ದಾರದ ಗೊಂಬೆ, ಮತ್ತೆ 1957ರಿಂದ ಇಲ್ಲಿನ ಮಕ್ಕಳ ಕಾರ್ಟೂನಿನಲ್ಲಿರುವ ಕ್ರ್ತೆಕ್ ಅನ್ನುವ ಪುಟಾಣಿ ಹೆಗ್ಗಣದಂಥ ಪ್ರಾಣಿ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಮೆಚ್ಚುಗೆ ಸಿಗುವ ಉಡುಗೊರೆ ಕೊಹಿನೂರ್ ಪೆನ್ಸಿಲ್. ಹೌದು, ನಮ್ಮ ಕೊಹಿನೂರ್ ವಜ್ರದ ಹೆಸರೇ. 1790ರಲ್ಲಿ ಶುರುವಾದ ಈ ಕಂಪನಿ ತನ್ನ ಒಳ್ಳೆಯ ಪೆನ್ಸಿಲ್ಲಿಗೆ ಆಮೇಲೆ ಆ ಹೆಸರಿಟ್ಟಿತು. ಬಣ್ಣದ ಪೆನ್ಸಿಲ್‌ಗಳನ್ನೇ ಮುಳ್ಳಾಗಿ ಚುಚ್ಚಿಕೊಂಡ ಮರದ ಮುಳ್ಳುಹಂದಿ ಅವರ ಅಂಗಡಿಯಲ್ಲಿ ಸಿಗುತ್ತದೆ, ನೋಡಿದ ಯಾವ ಮಗುವೂ ಬಿಟ್ಟಿಲ್ಲ.

ವೆನ್ಸೆಸ್ಲಾಸ್ ಸ್ಕ್ವೇರ್‌ನಲ್ಲಿ ಗಾಜಿನ ಗೋಡೆಯ ಬಾಟಾ ಅಂಗಡಿ ಕಂಡಾಗ ನಮ್ಮತ್ತೆ "ಅಯ್ಯೋ, ನಮ್ಮ ಬಾಟಾ ಇಲ್ಲೂ ಇದೆ" ಅಂದರು. ನಮ್ಮದಲ್ಲ ಅತ್ತೆ, ಇವರದ್ದೇ. 1894ರಲ್ಲಿ ಈ ದೇಶದ ಝ್ಲೀನ್ ಅನ್ನುವ ಊರಲ್ಲಿ ಹುಟ್ಟಿದ್ದು. ನಂಬಲಿಲ್ಲ, ಈಗಲೂ ನಂಬಿಲ್ಲ. ಅಲ್ಲಿ ಚಪ್ಪಲಿ ಕೊಳ್ಳಿ ಅಂತ ಹೇಳಲ್ಲ, ನಮ್ಮೂರಲ್ಲೇ ಅಗ್ಗ. ಆದರೆ ಈ ಊರಿನ ಕಲ್ಲುಹಾಸಿನ ಬೀದಿಗೆ ತೆಳು ಚಪ್ಪಲಿ ಹಾಕಿಕೊಂಡು ಬಂದು ಎರಡನೇ ದಿನ ಕುಂಟುವವರಿಗೆ ಅದೇ ಗತಿ.

ತಿನ್ನುವುದರಲ್ಲಿ ಬೀದಿ ಬೀದಿಯಲ್ಲಿ ಸುಡುವ ತ್ರ್‌ದೆಲ್ನಿಕ್‌ಗೆ, ಅಂದರೆ ಕೋಲಿಗೆ ಸುತ್ತಿ ಸುಟ್ಟ ಸಿಹಿ ಹಿಟ್ಟಿಗೆ, ಕ್ಯೂ ನಿಲ್ಲುತ್ತಾರೆ. ಹಳೇ ಪ್ರಾಗ್ ತಿಂಡಿ ಅಂತ ಬೋರ್ಡ್ ಹಾಕಿದ್ದಾರೆ, ಇಲ್ಲಿನ ನನ್ನ ಸಹೋದ್ಯೋಗಿಗಳು ಅದನ್ನು ಓದಿ ನಗುತ್ತಾರೆ. ಬಿಸಿಯಾಗಿ ಒಂದು ತಿನ್ನಿ, ತಪ್ಪಿಲ್ಲ. ಊರಿಗೆ ಒಯ್ಯಲು ಕಾರ್ಲೊವಿ ವಾರಿಯ ಒಪ್ಲಾಟ್ಕಿ, ಹಪ್ಪಳದಷ್ಟು ಅಗಲದ ತೆಳು ವೇಫರ್. ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳಿ. ಅದೂ ಹಪ್ಪಳದ ಹಾಗೇ ಪುಡಿಯಾಗುತ್ತದೆ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಹೆದರಬೇಡಿ, ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ, ಅದು ಎರಡು ದಿನಕ್ಕೇ ಸಾಕೆನಿಸಿದರೆ ಧಾಬಾ ಬಿಯಾಸ್ ಅನ್ನುವ ಸಸ್ಯಾಹಾರಿ ಹೋಟೆಲುಗಳಿವೆ, ನಾವೇ ಬಡಿಸಿಕೊಳ್ಳೋದು, ತಟ್ಟೆ ತೂಕ ಹಾಕಿ ದುಡ್ಡು. ಅನ್ನ, ಬೇಳೆ ಸಿಗುತ್ತದೆ. ಸಾರು ನೆನೆಸಿಕೊಂಡು ಹೋಗಬೇಡಿ.

ದೊಡ್ಡದೇನಾದರೂ ಕೊಂಡರೆ ತೆರಿಗೆ ವಾಪಸ್ ಸಿಗುತ್ತದೆ. ಒಂದೇ ಅಂಗಡಿಯಲ್ಲಿ ಒಂದೇ ದಿನ 2000 ಕೊರುನಾ ದಾಟಬೇಕು, ಅದಕ್ಕೇ ನಾಲ್ಕು ಅಂಗಡಿ ಸುತ್ತುವ ಬದಲು ಒಂದೇ ಕಡೆ ಮುಗಿಸೋದು ಲಾಭ. ಬಿಲ್ ಮಾಡುವಾಗಲೇ ಫಾರ್ಮ್ ಕೇಳಿ. ಮೇ 8, ಸೆಪ್ಟೆಂಬರ್ 28, ಅಕ್ಟೋಬರ್ 28ರಂಥ ಸರ್ಕಾರಿ ರಜೆ ದಿನ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಕೊನೆ ದಿನಕ್ಕೆ ಅಂತ ಶಾಪಿಂಗ್ ಉಳಿಸಿಕೊಂಡು ನಮ್ಮ ಷಡ್ಡಕ ಪೇಚಾಡಿದ್ದು ಅಂಥ ಒಂದು ದಿನವೇ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಳಗೆ ಕಳಿಸುವ ಮೊದಲೇ ಕಸ್ಟಮ್ಸ್ ಮುದ್ರೆ ಹಾಕಿಸಬೇಕು, ಸಾಮಾನು ತೋರಿಸಿ ಅಂದರೆ ತೋರಿಸಬೇಕು. ಆದ್ದರಿಂದ ಕ್ರಿಸ್ಟಲ್ಲನ್ನು ಹನ್ನೆರಡು ಸೀರೆಯ ನಡುವೆ ಸುತ್ತಿ ಅಡಿಗೆ ಇಡಬೇಡಿ, ಕೈಗೆ ಸಿಗುವ ಹಾಗೆ ಮೇಲಿಡಿ. ನಮ್ಮತ್ತೆ ಆ ಸೀರೆಗಳನ್ನೆಲ್ಲ ನಿಲ್ದಾಣದ ನೆಲದ ಮೇಲೆ ಒಂದೊಂದಾಗಿ ತೆಗೆದಿಟ್ಟು, ಲೋಟ ತೋರಿಸಿ, ಮತ್ತೆ ಒಂದೊಂದಾಗಿ ಮಡಚಿಟ್ಟರು. ಕಸ್ಟಮ್ಸ್‌ನಾಕೆ ಲೋಟ ನೋಡಿದ್ದು ಕಮ್ಮಿ, ಸೀರೆ ನೋಡಿದ್ದೇ ಜಾಸ್ತಿ.